ಶಕ್ತಿತಸ್ತಪ: ತರುಣರ ರೋಗವೂ ವ್ರತದ ಮರ್ಯಾದೆಯೂ

ಮಧುಮೇಹವೂ ರಕ್ತದ ಒತ್ತಡವೂ ಮುಪ್ಪಿನ ರೋಗಗಳೆಂಬ ಭಾವನೆ ಇಂದು ನಿಲ್ಲುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದ ವಯಸ್ಕರಲ್ಲಿ ಮಧುಮೇಹಿಗಳು ೧೦ ಕೋಟಿಗೂ, ಅಧಿಕ ರಕ್ತದೊತ್ತಡವುಳ್ಳವರು ೩೧ ಕೋಟಿಗೂ ಮಿಕ್ಕಿದ್ದಾರೆ. ಮೂವತ್ತು ತುಂಬುವ ಮೊದಲೇ ಮಾತ್ರೆ ಹಿಡಿದ ತರುಣರು ಅಪರೂಪವಲ್ಲ. ದಶಲಕ್ಷಣ ಪರ್ವ ಬಂದಾಗ ಇಂಥವರ ಮುಂದೆ ಒಂದು ಧರ್ಮಪ್ರಶ್ನೆ ನಿಲ್ಲುತ್ತದೆ: ರೋಗದ ನಿಮಿತ್ತ ಉಪವಾಸವನ್ನು ಬಿಟ್ಟವನು ವ್ರತಹೀನನೇ?

ಮೊದಲು ದೇಹದ ಸ್ಥಿತಿಯನ್ನು ಅರಿಯಬೇಕು. ಇನ್ಸುಲಿನ್ನನ್ನಾಗಲಿ, ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ತೆಗೆದುಕೊಂಡು ಆಹಾರವನ್ನು ಬಿಟ್ಟರೆ ರಕ್ತದ ಸಕ್ಕರೆ ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕೆಳಗಿಳಿದು ನಡುಕ, ಬೆವರು, ಕಡೆಗೆ ಮೂರ್ಛೆಯೂ ಬರಬಹುದು. ಔಷಧವನ್ನೇ ಬಿಟ್ಟರೆ ಸಕ್ಕರೆಯೂ ಒತ್ತಡವೂ ಏರುತ್ತವೆ. ನಿರ್ಜಲ ಉಪವಾಸದಲ್ಲಿ ದೇಹದ ನೀರು ಬತ್ತಿ ಮೂತ್ರಪಿಂಡಗಳಿಗೆ ಬಾಧೆಯಾಗಬಹುದು. ಇದೆಲ್ಲವನ್ನೂ ಅರಿತು, ರೋಗವನ್ನು ಮನೆಯವರಿಂದ ಮರೆಮಾಚಿ, ಹತ್ತು ಉಪವಾಸಗಳ ಹೆಗ್ಗಳಿಕೆಗಾಗಿ ನಿಂತವನಲ್ಲಿ ದೇಹ ಕೃಶವಾಗುತ್ತದೆ, ಮಾನಕಷಾಯ ಪುಷ್ಟವಾಗುತ್ತದೆ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನೊಡನೆ ‘ಶಕ್ತಿತಃ’ ಎಂಬ ಪದ ಸುಮ್ಮನೆ ಸೇರಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಪರರ ರೋಗಕ್ಕೆ ಔಷಧವೀಯುವುದು ಪುಣ್ಯವಾದಲ್ಲಿ, ತನ್ನ ರೋಗಕ್ಕೆ ಅದನ್ನು ನಿರಾಕರಿಸುವುದು ತಪಸ್ಸೆನಿಸುವುದು ಹೇಗೆ?

‘ಶಕ್ತಿಯಿಲ್ಲ’ ಎಂಬ ನೆಪದಲ್ಲಿ ಆಲಸ್ಯ ನುಸುಳದೇ ಎಂದು ಹಿರಿಯರು ಕೇಳಬಹುದು. ಈ ಶಂಕೆ ನಿರಾಧಾರವಲ್ಲ. ಆದರೆ ಆರು ಬಾಹ್ಯತಪಗಳಲ್ಲಿ ಅನಶನವು ಮೊದಲನೆಯದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ, ರಸಪರಿತ್ಯಾಗವೂ ಅದೇ ಸಾಲಿನಲ್ಲಿವೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ-ಬೆಲ್ಲ, ಉಪ್ಪು ಎಂಬ ಷಡ್ರಸಗಳಲ್ಲಿ ಕಡೆಯ ಎರಡನ್ನೇ ಇಂದಿನ ವೈದ್ಯನೂ ಬೆರಳಿಟ್ಟು ತೋರಿಸುತ್ತಾನೆ. ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ತಿಂಡಿಗಳನ್ನು ಬಿಡದವನಿಗೆ ಈ ಮಿತಿ ದಕ್ಕುವುದಿಲ್ಲ. ಚತುರ್ದಶಿಯಂದು ನಿರಾಹಾರನಾಗಿದ್ದು ಪಾರಣೆಯಂದು ಸಿಹಿಭಕ್ಷ್ಯಗಳಿಗೆ ಮುಗಿಬೀಳುವವನಿಗಿಂತ, ವರ್ಷವಿಡೀ ಜಿಹ್ವೆಯನ್ನು ಬಿಗಿಹಿಡಿದ ರೋಗಿಯ ನಿಯಮ ಸುಲಭವೇನಲ್ಲ. ಉಪವಾಸಕ್ಕೆ ಪಾರಣೆಯುಂಟು, ಈ ನಿಯಮಕ್ಕೆ ಪಾರಣೆಯಿಲ್ಲ.

ಆದುದರಿಂದ ಪರ್ವಕ್ಕೆ ಮೊದಲೇ ತರುಣ ಶ್ರಾವಕನು ವೈದ್ಯನನ್ನು ಕಂಡು, ತನಗೆ ಏಕಾಶನ ಸಾಧ್ಯವೇ, ಮಾತ್ರೆಗಳ ವೇಳೆಯನ್ನು ಸೂರ್ಯಾಸ್ತದೊಳಗೆ ಹೊಂದಿಸಬಹುದೇ ಎಂದು ಕೇಳಿಕೊಳ್ಳುವುದು ವಿಹಿತ. ಗುರುಗಳ ಸನ್ನಿಧಿಯಲ್ಲಿ ನಿಯಮ ಸ್ವೀಕರಿಸುವಾಗ ರೋಗವನ್ನು ಮುಚ್ಚಿಡಬಾರದು, ಸತ್ಯವೂ ದಶಧರ್ಮಗಳಲ್ಲೊಂದು. ಉಪವಾಸಗಳ ಸಂಖ್ಯೆಯನ್ನೇ ಎಣಿಸಿ ಹೊಗಳುವ ಮನೆಯ ಹಿರಿಯರು, ಎದುರಿಗೆ ಬಂದ ಸಿಹಿಯನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟ ಮಗನನ್ನೂ ಸೊಸೆಯನ್ನೂ ವ್ರತಿಗಳೆಂದೇ ಮನ್ನಿಸಲಿ.