ಹೆಗಲಿಗೆ ತಕ್ಕ ಮರ

ಬಂದೂಕಿನ ಪರವಾನಗಿಯಲ್ಲಿ ಬರೆದಿರುವುದು ಕಬ್ಬಿಣದ ಮೇಲಿನ ನಂಬರು. ಗುರಿ ತಪ್ಪಿದಾಗ ಬೈಸಿಕೊಳ್ಳುವುದೂ ಕಬ್ಬಿಣವೇ. ತಪ್ಪು ಎಷ್ಟೋ ಸಲ ಹೆಗಲಿಗೆ ಒತ್ತಿಕೊಳ್ಳುವ ಹಿಂದಿನ ಮರದ್ದು.

*

ಚಳ್ಳಕೆರೆ ಸೀಮೆಯ ಶೇಂಗಾ ಹೊಲ ಕಾಯುವ ಬಂದೂಕು ಅಜ್ಜನ ಕಾಲದ್ದಾದರೆ ಅಜ್ಜನ ತೋಳಿನ ಅಳತೆಯೂ ಅದರ ಜೊತೆ ಬಂದಿರುತ್ತದೆ. ಪರವಾನಗಿ ಮೊಮ್ಮಗನ ಹೆಸರಿಗೆ ಆಗುತ್ತದೆ, ಮರ ಆಗುವುದಿಲ್ಲ.

*

ಹೊಸ ಮರ ಹುಡುಕುವವನು ಮೊದಲು ಬಣ್ಣ ನೋಡುತ್ತಾನೆ, ಆಮೇಲೆ ಬೆಲೆ, ಕೊನೆಗೆ ಅಳತೆ. ಅಂಗಡಿಯ ಮರ ಟ್ರಿಗರಿನಿಂದ ಹಿಂತುದಿಗೆ ಸುಮಾರು 14 ಇಂಚು. ಆ 14 ಇಂಚು ಯಾವ ಊರಿನ ಯಾರ ತೋಳಿನದೋ! ಖಾಲಿ ಬಂದೂಕನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕೆನ್ನೆ ಒರಗಿಸಿ, ಕಣ್ಣು ಬಿಡಿ. ನೋಟ ನಳಿಗೆಯ ಗುಂಟ ನೆಟ್ಟಗೆ ಹೋದರೆ ಮರ ನಿಮ್ಮದು. ಕತ್ತು ಬಗ್ಗಿಸಬೇಕಾಗಿ ಬಂದರೆ ಇನ್ನೊಬ್ಬರದು.

*

ಕಮರದಂಥ ಗಟ್ಟಿ ಮರದಲ್ಲಿ ಮಾಡಿಸಿದರೆ ಹೊರುವ ಭಾರ ಹೆಚ್ಚು, ಹೊಡೆದಾಗ ಒದೆತ ಕಡಿಮೆ. ಹಗುರ ಪ್ಲಾಸ್ಟಿಕ್ಕಿನದು ಇದಕ್ಕೆ ತಿರುಗುಮುರುಗು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಒಂದೂ ಗುಂಡು ಹಾರಿಸದೆ ಮನೆಗೆ ಬರುವವನಿಗೆ ಒದೆತದ ಚಿಂತೆ ಯಾಕೆ?

*

ಸೀಳು ಮೊದಲು ಬೀಳುವುದು ಮುಷ್ಟಿ ಹಿಡಿಯುವ ಸಣಕಲು ಜಾಗದಲ್ಲಿ. ಅಲ್ಲಿ ಎಳೆ ಉದ್ದಕ್ಕೆ ಓಡಿರಬೇಕು. ಅಡ್ಡ ಸುಳಿಗಳ ಚೆಂದ ಗೋಡೆಗೆ ತೂಗುಹಾಕುವ ಬಂದೂಕಿಗಿರಲಿ.

*

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು. ಆದರೂ ಇಲ್ಲಿಯ ಶೇಂಗಾ ಎಣ್ಣೆಯನ್ನು ಮರಕ್ಕೆ ಹಚ್ಚಿದರೆ ಒಣಗುವುದೇ ಇಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಇನ್ನು ನಳಿಗೆಗೆ ಸುರಿದ ಎಣ್ಣೆ ಹಿಂದಕ್ಕಿಳಿದು ವರ್ಷಗಟ್ಟಲೆ ಮರ ಕುಡಿಯಿತೋ, ಎಂಥ ಮರವೂ ಮೆತ್ತಗಾಗುತ್ತದೆ. ಮುದ್ದು ಹೆಚ್ಚಾಗಿ ಕೆಟ್ಟ ಬಂದೂಕುಗಳು ಅವು.

*

ಈಶಾಪುರ ಕಾರ್ಖಾನೆಯ .315 ರೈಫಲ್ಲಿಗೆ ಅದೇ ಮಾದರಿಯ ಮರ ಹುಡುಕಬಹುದು. ಮೂತಿಯಿಂದ ಮದ್ದು ತುಂಬುವ ನಾಡಬಂದೂಕಿಗೆ ಮಾದರಿ ಎಂಬುದೇ ಇಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲೆಂದು ಮೊದಲು ಹೆಸರಿಸಿರುವುದು ಈ ಮದ್ದು ತುಂಬುವ ಬಂದೂಕನ್ನೇ.

*

ನೇಗಿಲು, ಕುಂಟೆ ಮಾಡುವ ಬಡಗಿಗೆ ಮರದ ಮನಸ್ಸು ಗೊತ್ತು. ಆದರೆ ಬಂದೂಕಿನ ರಿಪೇರಿಗೂ ಅದೇ ಕಾಯ್ದೆಯ 5ನೇ ಕಲಂ ಪರವಾನಗಿ ಕೇಳುತ್ತದೆ. ಕೈ ಬಲ್ಲವನ ಹತ್ತಿರ ಕಾಗದವಿಲ್ಲ, ಕಾಗದವಿದ್ದವನು ಹತ್ತಿರವಿಲ್ಲ. ಕಾಯ್ದೆಯನ್ನು ತಪ್ಪೆನ್ನಲಾರೆ, ರೈತನ ಓಡಾಟವನ್ನು ಸುಳ್ಳೆನ್ನಲೂ ಆರೆ.

*

ಚುನಾವಣೆ ಬಂದರೆ ಬಂದೂಕುಗಳು ಠಾಣೆ ಸೇರುತ್ತವೆ. ವಾಪಸು ಪಡೆಯುವ ದಿನ ಹಳೆಯ ಮರದವನು ಸವೆತ ನೋಡಿಯೇ ತನ್ನದನ್ನು ಎತ್ತಿಕೊಳ್ಳುತ್ತಾನೆ. ಹೊಸ ಮರ ಹಾಕಿಸಿದವನು ಚೀಟಿ ಹುಡುಕುತ್ತಾನೆ.

*

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳುವುದು, ನಿಜ ನುಡಿಯುವುದು, ಇವುಗಳ ಜೊತೆಗೇ ಜೀವಿಗಳ ಮೇಲಿನ ದಯೆಯೂ ಅಲ್ಲಿ ಸೇರಿದೆ. ಈ ಸೀಮೆಯ ಗುಡ್ಡಗಳಿಂದಲೇ ಕರಡಿ ಹೊಲಕ್ಕಿಳಿಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು. ಮರ ಹೆಗಲಿಗೆ ಎಷ್ಟೇ ಒಪ್ಪಿದ್ದರೂ, ಬೆಳೆ ತಿಂದಿತೆಂದು ಅದನ್ನು ಕೊಲ್ಲುವಂತಿಲ್ಲ. ಶಾಸನವನ್ನು ಓದಲಾರದವನೂ ಈ ಪಟ್ಟಿಯನ್ನು ಬಲ್ಲ.

*

ಸದ್ದು ಮಾಡಿ ಬೆದರಿಸುವುದಕ್ಕಷ್ಟೇ ಬಂದೂಕು ಬೇಕೆನ್ನುವವನು ಮರದ ವಿಷಯದಲ್ಲಿ ಉದಾಸೀನ ಮಾಡುತ್ತಾನೆ. ಸಡಿಲ ಮರದ ಒದೆತಕ್ಕೆ ಗುರಿ ಇದೆಯೋ ಇಲ್ಲವೋ ತಿಳಿಯದು.

*

ಕಾವಲಿಗೆ ಹೋಗುವವನ ಹೆಗಲ ಮೇಲೆ ಈ ಸೀಮೆಯ ಕಂಬಳಿ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಬರೀ ಅಂಗಿಯಲ್ಲಿ ನಿಂತು ಅಳತೆ ಕೊಟ್ಟರೆ ಹೊಲದಲ್ಲಿ ಮರ ಕಂಬಳಿಯ ದಪ್ಪದಷ್ಟು ಉದ್ದವಾಗಿ, ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಅಳತೆಗೆ ಹೋಗುವಾಗ ಕಂಬಳಿ ಹೊದ್ದೇ ಹೋಗಿ. ಬೇಸಿಗೆಯಾದರೆ ಅಂಗಡಿಯವನು ನಕ್ಕಾನು, ನಗಲಿ.