ಎರಡನೆಯ ಕಾದಂಬರಿಗೆ ಬೇಕಾದ ಪ್ರತಿಭೆ

ಮೊದಲ ಕಾದಂಬರಿಗೆ ಬೇಕಾದದ್ದನ್ನು ಬದುಕೇ ಕೂಡಿಟ್ಟಿರುತ್ತದೆ: ಬಾಲ್ಯ, ಊರು, ಮನೆಜಗಳ, ಕಾಡುವ ಒಂದು ಸಾವು. ಬರೆದು ಮುಗಿಸುವಷ್ಟರಲ್ಲಿ ಕಣಜ ಬರಿದು. ಆಮೇಲೆ ಬರಹಗಾರ ಬೆಳೆಯುವುದು ಯಾವುದರಿಂದ? ಇಂದಿನ ಕಾದಂಬರಿಯನ್ನು ಕಂಡೇ ಇರದ ನಮ್ಮ ಆಲಂಕಾರಿಕರು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಚರ್ಚಿಸಿದ್ದಾರೆ.

ಕಾವ್ಯ ಹುಟ್ಟಲು ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಕೂಡಬೇಕು ಎನ್ನುತ್ತಾನೆ ಮಮ್ಮಟ. ಶಕ್ತಿ ಎಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆ ಲೋಕವನ್ನೂ ಶಾಸ್ತ್ರ, ಕಾವ್ಯಗಳನ್ನೂ ನೋಡಿ ಗಳಿಸಿದ್ದು. ಅಭ್ಯಾಸಕ್ಕೆ ಮಾತ್ರ ಅವನದೊಂದು ಷರತ್ತಿದೆ: ಕಾವ್ಯ ಬಲ್ಲವರಿಂದ ಕಲಿತು ಮಾಡಬೇಕು. ಸುಮ್ಮನೆ ಬರೆಯುತ್ತ ಹೋದರೆ ಕೈ ಪಳಗೀತು, ಕಣ್ಣು ಪಳಗದು. ಒಂದು ಪುಸ್ತಕ ಗೆದ್ದ ಮೇಲಂತೂ ಕೈ ಅದನ್ನೇ ಮತ್ತೆ ಬರೆಯಲು ಹವಣಿಸುತ್ತದೆ.

ಆ 'ಬಲ್ಲವರು' ಬರಹಗಾರನ ಒಳಗೂ ಇರಬಹುದೇ? ಹತ್ತನೆಯ ಶತಮಾನದ ರಾಜಶೇಖರ ಪ್ರತಿಭೆಯನ್ನೇ ಎರಡಾಗಿ ಕಂಡ. ಕಾರಯಿತ್ರೀ ಸೃಷ್ಟಿಸುತ್ತದೆ, ಭಾವಯಿತ್ರೀ ಸೃಷ್ಟಿಯಾದದ್ದನ್ನು ಗ್ರಹಿಸುತ್ತದೆ, ತೂಗುತ್ತದೆ. ಎರಡನೆಯದು ಸಹೃದಯನದು. ಆದರೆ ಮೊದಲ ಪುಸ್ತಕದ ನಂತರ ಕಾದಂಬರಿಕಾರನಿಗೆ ಮುಖ್ಯವಾಗಿ ಬೇಕಾಗುವುದು ಅದೇ ಎಂದು ನನ್ನ ಎಣಿಕೆ.

ಕುವೆಂಪು ಬರೆದದ್ದು ಎರಡೇ ಕಾದಂಬರಿ. 'ಕಾನೂರು ಹೆಗ್ಗಡಿತಿ' 1936ರದು, 'ಮಲೆಗಳಲ್ಲಿ ಮದುಮಗಳು' 1967ರದು. ನಡುವೆ 'ಶ್ರೀ ರಾಮಾಯಣ ದರ್ಶನಂ' ಎಂಬ ಮಹಾಕಾವ್ಯ. ಎರಡರಲ್ಲೂ ಅದೇ ಮಲೆನಾಡು, ಅದೇ ಕಾಡು, ಅದೇ ಗೌಡರ ಮನೆಗಳು. ಹೊಸ ಸರಕು ಸಿಕ್ಕಿ ಬೆಳೆದರು ಎನ್ನುವಂತಿಲ್ಲ. ಮೊದಲನೆಯದರಲ್ಲಿ ವಿದ್ಯಾವಂತ ಹೂವಯ್ಯನ ಆದರ್ಶದ ಕಡೆಗೆ ಕಥೆ ವಾಲುತ್ತದೆ. ಎರಡನೆಯದಕ್ಕೆ ಅಂಥ ನಾಯಕನೇ ಇಲ್ಲ; ಆಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಗೌಡರಷ್ಟೇ ಜಾಗ. ಯಾರನ್ನು ನೋಡಬೇಕು ಎಂಬ ತೀರ್ಮಾನವೇ ಬದಲಾಗಿದೆ.

ರಾಜಶೇಖರ ಓದುಗರನ್ನೂ ವಿಂಗಡಿಸುತ್ತಾನೆ: ಏನೂ ರುಚಿಸದ ಅರೋಚಕಿ, ಹುಲ್ಲುಕಡ್ಡಿ ಸಮೇತ ನುಂಗುವ ಸತೃಣಾಭ್ಯವಹಾರಿ, ಒಳ್ಳೆಯದನ್ನು ಕಂಡೂ ಒಪ್ಪದ ಮತ್ಸರಿ, ತಿರುಳಿಗೆ ಕೈ ಹಾಕುವ ತತ್ತ್ವಾಭಿನಿವೇಶಿ. ಸ್ವಂತ ಹಸ್ತಪ್ರತಿಯ ಮುಂದೆ ಕೂತವರಲ್ಲೂ ಈ ನಾಲ್ವರು ಸರದಿಯಲ್ಲಿ ಬಂದುಹೋಗುತ್ತಾರೆ. ಬರೆಯುವ ಗಳಿಗೆಯಲ್ಲಿ ಎರಡನೆಯವನೇ ವಾಸಿ, ಇಲ್ಲದಿದ್ದರೆ ಪುಟ ತುಂಬುವುದಿಲ್ಲ. ತಿದ್ದುವಾಗ ಅವನಿದ್ದರೆ ಕೆಟ್ಟಿತು. ತನ್ನ ಮೊದಲ ಪುಸ್ತಕವನ್ನು ಮರುಮುದ್ರಣಕ್ಕೇ ಬಿಡದವರ ಒಳಗೆ ಕೂತವನು ತತ್ತ್ವಾಭಿನಿವೇಶಿಯೋ ಮತ್ಸರಿಯೋ, ಹೊರಗಿನಿಂದ ಹೇಳುವುದು ಕಷ್ಟ.