ತೆಗೆದ ಫೋಟೊಕ್ಕೆ ಕೈ ಹಚ್ಚಬೇಕೋ ಬ್ಯಾಡೋ

ಫೋಟೊ ಸುಳ್ಳು ಹೇಳೂದಿಲ್ಲ ಅಂತ ನಮ್ಮ ಹಿಂದಿನವರು ನಂಬಿದ್ದರು. ಈಗಿನ ಹುಡುಗರನ್ನ ಕೇಳಿದ್ರ ಎಲ್ಲಾ ಫೋಟೊನೂ ಸುಳ್ಳ, ಕಂಪ್ಯೂಟರದಾಗ ಏನ ಬೇಕಾದ್ದು ಮಾಡಬಹುದು ಅಂತಾರ. ಎರಡೂ ಮಾತು ಪೂರಾ ಖರೆ ಅಲ್ಲ ಅನ್ನೂದು ನನ್ನ ವಿಚಾರ. ನಾನು ಏಳನೇ ಇಯತ್ತೆ ಕಲಿತವ. ಹೊಲ ಮಾಡ್ತೀನಿ, ಭಜನಿ ಪದ ಹಾಡ್ತೀನಿ. ಕ್ಯಾಮೆರಾ ನನ್ನ ಕಸುಬಲ್ಲ. ಆದರೆ ನನ್ನ ತಮ್ಮನ ಮಗ ಜತ್ತದಾಗ ಮದುವಿ ಫೋಟೊ ತೆಗೆಯುವವ. ಅವನಿಗೂ ನಮ್ಮ ಕನ್ನಡ ಶಾಲೆಯ ಗುರುಗಳಿಗೂ ಎರಡು ವರ್ಷದಿಂದ ಒಂದು ವಾದ ನಡೆದದ. ವಾಚನಾಲಯದ ಕಟ್ಟಿಗೆ ಕುಂತು ಕೇಳಿ ಕೇಳಿ ನನಗೂ ಅದರ ಹುಚ್ಚು ಹತ್ತಿತು.

ವಾದ ತಿಳಿಯಬೇಕಾದರೆ ಮೊದಲು ಕ್ಯಾಮೆರಾದ ಒಳಗಿನ ಕೆಲಸ ತಿಳಿಯಬೇಕು. ಗುಂಡಿ ಒತ್ತಿದಾಗ ಒಳಗಿನ ಸೆನ್ಸರಿನ ಮೇಲೆ ಬೆಳಕು ಬೀಳುತ್ತದೆ. ಆ ಸೆನ್ಸರಿನಲ್ಲಿ ಲಕ್ಷ ಲಕ್ಷ ಸಣ್ಣ ಗುಣಿಗಳು ಇರುತ್ತವೆ. ಒಂದೊಂದು ಗುಣಿಯೂ ತನ್ನೊಳಗೆ ಎಷ್ಟು ಬೆಳಕು ಬಿತ್ತು ಅಂತ ಮಾತ್ರ ಎಣಿಸುತ್ತದೆ, ಮಳೆ ಅಳೆಯುವ ಡಬ್ಬಿ ಇದ್ದಂಗ. ಬಣ್ಣ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಂತ ಪ್ರತಿ ಗುಣಿಯ ಮೇಲೆ ಒಂದು ಬಣ್ಣದ ಪರದೆ ಹಾಕ್ಯಾರ. ನಾಲ್ಕು ಗುಣಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರಿಗೆ ಈ ಹಂಚಿಕೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಬಹಳಷ್ಟು ಕ್ಯಾಮೆರಾ, ಮೊಬೈಲುಗಳಲ್ಲಿ ಅದೇ ಪದ್ಧತಿ. ಅಂದರೆ ಒಂದು ಚುಕ್ಕಿಗೆ ಬೇಕಾದ ಮೂರು ಬಣ್ಣದೊಳಗ ಒಂದನ್ನ ಮಾತ್ರ ಕ್ಯಾಮೆರಾ ಖುದ್ದು ಅಳೀತದ. ಉಳಿದ ಎರಡು ಅಕ್ಕಪಕ್ಕದ ಗುಣಿ ನೋಡಿ ಮಾಡಿದ ಲೆಕ್ಕ.

ಆ ಎಣಿಕೆಯನ್ನು ಇದ್ದಂಗ ಬರೆದಿಟ್ಟರೆ ಅದಕ್ಕೆ ರಾ ಫೈಲು ಅಂತಾರ. ಅದು ಹಿಟ್ಟು. ಅದರಿಂದ ಆಮೇಲೆ ಕಂಪ್ಯೂಟರದಾಗ ನಾವೇ ರೊಟ್ಟಿ ಬಡೀಬೇಕು. ಅದು ಬ್ಯಾಡ ಅಂದ್ರ ಕ್ಯಾಮೆರಾನೇ ಒಳಗ ರೊಟ್ಟಿ ಬಡಿದು, ಬೇಯಿಸಿ, ಕೈಗೆ ಕೊಡತದ. ಅದು ಜೆಪೆಗ್. ರೊಟ್ಟಿ ಹ್ಯಾಂಗಿರಬೇಕು ಅಂತ ಮೊದಲೇ ಹೇಳಿಡಬಹುದು. ಕ್ಯಾನನ್‌ದಲ್ಲಿ ಅದಕ್ಕೆ ಪಿಕ್ಚರ್ ಸ್ಟೈಲ್ ಅಂತಾರ, ನಿಕಾನ್‌ದಲ್ಲಿ ಪಿಕ್ಚರ್ ಕಂಟ್ರೋಲ್ ಅಂತಾರ, ಫ್ಯೂಜಿಯಲ್ಲಿ ವೆಲ್ವಿಯಾ, ಪ್ರೊವಿಯಾ ಅಂತ ಹಳೇ ರೀಲುಗಳ ಹೆಸರನ್ನೇ ಇಟ್ಟಾರ. ಮುಖಕ್ಕೆ ಒಂದು, ಬೈಲಿಗೆ ಒಂದು, ಕಪ್ಪು ಬಿಳುಪಿಗೆ ಒಂದು. ರೊಟ್ಟಿ ಆದ ಮೇಲೆ ಉಳಿದ ಹಿಟ್ಟನ್ನ ಕ್ಯಾಮೆರಾ ಚೆಲ್ಲಿಬಿಡತದ. ರಾ ಫೈಲಿನಲ್ಲಿ ಬೆಳಕಿನ ಮೆಟ್ಟಿಲು 14 ಬಿಟ್ ಇದ್ದರೆ 16,384. ಜೆಪೆಗ್‌ದಲ್ಲಿ ಒಂದೊಂದು ಬಣ್ಣಕ್ಕೆ ಬರೀ 256. ಆದರ ಫರಕು ಕಣ್ಣಿಗೆ ಕೂಡಲೇ ಕಾಣೂದಿಲ್ಲ. ಕತ್ತಲಾಗ ಕೂತವರ ಮುಖ ಆಮೇಲೆ ಬೆಳಗಿಸಬೇಕು ಅಂದಾಗ ಕಾಣತದ.

ಗುರುಗಳ ಮಾತು ಇಷ್ಟು: ಕ್ಯಾಮೆರಾದಿಂದ ಬಂದದ್ದು ಬಂದಂಗ ಇರಲಿ, ಆಮೇಲೆ ಕೈ ಹಚ್ಚಿದರೆ ಸಾಕ್ಷಿ ಕೆಡತದ. ಅವರಿಗೆ ದೊಡ್ಡ ಬೆಂಬಲವೂ ಐತಿ. ರಾಯಿಟರ್ಸ್ ಸುದ್ದಿಸಂಸ್ಥೆ 2015ರ ನವೆಂಬರದಲ್ಲಿ ತನ್ನ ಹೊರಗಿನ ಫೋಟೊಗ್ರಾಫರರಿಗೆ ರಾ ಫೈಲಿನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾವೇ ಕೊಟ್ಟ ಜೆಪೆಗ್ ಕಳಿಸಿ ಅಂತ ತಿಳಿಸಿತು. ಸುದ್ದಿ ಬೇಗ ಮುಟ್ಟಬೇಕು, ನಡೆದದ್ದು ನಡೆದಂಗ ಕಾಣಬೇಕು ಅನ್ನೂದು ಅವರ ಕಾರಣ.

ನಮ್ಮ ಹುಡುಗನ ಮಾತು ಇದಕ್ಕೆ ತಿರುಗಾ ಮುರುಗಾ. ರಾ ಅಂದ್ರ ಮೂಲ ಕಾಗದ, ಅದನ್ನ ಇಟ್ಟುಕೊಂಡವನೇ ಪ್ರಾಮಾಣಿಕ ಅಂತಾನ. ಅವನ ಬೆಂಬಲಕ್ಕೂ ದೊಡ್ಡವರಿದ್ದಾರೆ. ವರ್ಲ್ಡ್ ಪ್ರೆಸ್ ಫೋಟೊ ಅನ್ನುವ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರ ಮೂಲ ಫೈಲು ತರಿಸಿ ನೋಡ್ತಾರ. 2013ರಲ್ಲಿ ಸ್ವೀಡನ್ ದೇಶದ ಪಾಲ್ ಹ್ಯಾನ್ಸನ್ ಅವರು ಗಾಜಾದಲ್ಲಿ ತೆಗೆದ ಚಿತ್ರಕ್ಕೆ ಅಲ್ಲಿ ಮೊದಲ ಬಹುಮಾನ ಬಂತು. ಸತ್ತ ಎರಡು ಮಕ್ಕಳನ್ನ ದಫನಕ್ಕೆ ಹೊತ್ತುಕೊಂಡು ಗಲ್ಲಿಯಲ್ಲಿ ಹೊರಟ ಗಂಡಸರ ಚಿತ್ರ ಅದು. ಕೂಡಿಸಿ ಮಾಡಿದ್ದು, ಸುಳ್ಳು ಅಂತ ಗದ್ದಲ ಎದ್ದಿತು. ತಜ್ಞರು ರಾ ಫೈಲು ತೆರೆದು ನೋಡಿ, ಬೆಳಕು ಬಣ್ಣ ತಿದ್ದಿದ್ದು ಖರೆ, ಆದರ ಏನನ್ನೂ ಸೇರಿಸಿಲ್ಲ ಅಂತ ಹೇಳಿದರು. ಹಿಟ್ಟು ಉಳಿದಿತ್ತು, ಅದಕ್ಕ ಅವರ ಮಾನ ಉಳೀತು.

ಒಬ್ಬರು ರಾ ಬ್ಯಾಡ ಅಂತಾರ, ಒಬ್ಬರು ರಾ ತಾ ಅಂತಾರ. ಇಬ್ಬರೂ ಖರೆತನದ ಹೆಸರಿಂದಲೇ ಮಾತಾಡೋರು. ಹಂಗಾರ ನಾವು ಯಾರ ಹಿಂದ ಹೋಗೂದು?

ನನಗ ಅನಿಸಿದ್ದು ಹೇಳ್ತೀನಿ. ಕೈ ಹಚ್ಚಬೇಕೋ ಬ್ಯಾಡೋ ಅನ್ನೂ ಪ್ರಶ್ನಿನೇ ತಪ್ಪು ಕಡಿ ಮಾರಿ ಮಾಡಿ ನಿಂತದ. ಕೈ ಹಚ್ಚದ ಫೋಟೊ ಒಂದೂ ಇಲ್ಲ. ಗುರುಗಳ ಜೆಪೆಗ್‌ಗೂ ಕೈ ಹತ್ತ್ಯಾದ. ಅದು ಎಲ್ಲೋ ದೂರದ ಊರಾಗ ಕುಂತ ಎಂಜಿನಿಯರನ ಕೈ. ಚೆಂದ ಮುಖ ಅಂದರೆ ಏನು, ಹಸಿರು ಅಂದರೆ ಎಷ್ಟು ಹಸಿರು ಅಂತ ಅವನು ಮೊದಲೇ ತೀರ್ಮಾನ ಮಾಡಿಟ್ಟಾನ. ಅವನು ನಮ್ಮ ಹೊಲ ನೋಡಿಲ್ಲ, ನಮ್ಮ ಹೆಣ್ಣುಮಕ್ಕಳ ಬಣ್ಣ ನೋಡಿಲ್ಲ. ಹಿಂದ ರೀಲಿನ ಕಾಲದಾಗೂ ಹಿಂಗೇ ಇತ್ತಂತ. ಪ್ರಿಂಟಿನ ಬಣ್ಣ ಹದ ನೋಡಲಿಕ್ಕೆ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು, ಅದರ ಮೇಲೆ ಬಿಳಿ ಹೆಂಗಸಿನ ಚಿತ್ರ. ಶರ್ಲಿ ಕಾರ್ಡು ಅಂತ ಅದಕ್ಕೆ ಹೆಸರು. ಆ ಹೆಂಗಸಿನ ಬಣ್ಣ ಸರಿ ಬಂದರೆ ಎಲ್ಲಾ ಸರಿ ಅಂತ ಲೆಕ್ಕ. ಕರಿ ಮೈಯವರ ಮುಖ ಮಸಿ ಬಳಿದಂಗ ಬಂದರೆ ಅದು ಯಾರ ತಪ್ಪೂ ಅಲ್ಲ!

ಇದು ಬರೀ ತಿಳಿದವರ ಜಗಳ ಅಲ್ಲ. ನಮ್ಮ ಓಣ್ಯಾಗ ಒಬ್ಬ ಆಯಿ ಇದ್ದಳು. ಸೋಬಾನ ಪದ, ಬೀಸೂ ಪದ ಆಕಿ ಬಾಯಾಗಿಂದ ಕೇಳಬೇಕು. ನನಗ ಬರುವ ಎಷ್ಟೋ ಧಾಟಿ ಆಕಿ ಕೊಟ್ಟದ್ದು. ಹಣಿ ಮೇಲೆ, ಗದ್ದದ ಮೇಲೆ ಹಸಿರು ಹಚ್ಚಿ. ಗಲ್ಲದ ತುಂಬ ಸಿಡುಬಿನ ಕಲಿ. ಆಕಿ ಹೋದ ಮೇಲೆ ಗೋಡೆಗೆ ಹಾಕಲಿಕ್ಕೆ ಮೊಮ್ಮಗ ಒಂದು ಫೋಟೊ ಮಾಡಿಸಿಕೊಂಡು ಬಂದ. ಮೊಬೈಲದಾಗಿನ ಚಿತ್ರ. ಮೊಬೈಲು ತಾನಾಗೇ ತೊಗಲು ನುಣ್ಣಗ ಮಾಡಿತ್ತು, ಮ್ಯಾಲಿಂದ ಫೋಟೊ ಅಂಗಡಿಯವರು ಬೆಳ್ಳಗ ಮಾಡಿದ್ದರು. ಹಚ್ಚಿ ಇಲ್ಲ, ಕಲಿ ಇಲ್ಲ. ಆಯಿಯ ತಂಗಿ ಬಂದಾಕಿ ಗೋಡಿ ನೋಡಿ, “ಇಕಿ ಯಾರ ಯಪ್ಪಾ?” ಅಂದಳು. ಯಾರಿಗೂ ಮಾತು ಬರಲಿಲ್ಲ.

ಮೊಮ್ಮಗನನ್ನ ಬಯ್ಯುವಂಗ ಇಲ್ಲ. ಅವನು ಪ್ರೀತಿಯಿಂದಲೇ ಮಾಡಿದ್ದ. ಆದರೆ ಹಚ್ಚಿ ಅಂದರೆ ಸಣ್ಣ ಹುಡುಗಿ ಇದ್ದಾಗ ಸೂಜಿ ನೋವು ತಡಕೊಂಡು ಆಕಿ ಚುಚ್ಚಿಸಿಕೊಂಡದ್ದು. ಸಿಡುಬು ಆಕಿ ಗೆದ್ದು ಬಂದದ್ದು. ಅದನ್ನ ಅಳಿಸುವ ಹಕ್ಕು ಯಾರಿಗೈತಿ? ಸತ್ತವರು ಬ್ಯಾಡ ಅಂತ ಎದ್ದು ಬಂದು ಹೇಳೂದಿಲ್ಲ.

ಪುಣ್ಯಕ್ಕ ಒಂದು ಮದುವ್ಯಾಗ ನಮ್ಮ ಹುಡುಗ ಆಕಿ ಹಾಡೂದನ್ನ ತೆಗೆದಿದ್ದ. ರಾ ಫೈಲು ಹಾರ್ಡ್‌ಡಿಸ್ಕಿನಲ್ಲಿ ಇತ್ತು. ಚಪ್ಪರದ ನೆರಳಾಗ ತೆಗೆದದ್ದು, ಮುಖ ಪೂರಾ ಕಪ್ಪು. ಅದೇ ಮದುವಿಯ ಜೆಪೆಗ್ ತೆರೆದು ಬೆಳಗಿಸಿದರೆ ಮುಖ ಬೂದಿ ಬಳಿದಂಗ ಕಾಣತಿತ್ತು. ರಾ ತೆರೆದ ಮೇಲೆ ಒಳಗಿಂದ ಒಂದೊಂದೇ ಗೆರಿ ಎದ್ದು ಬಂತು. ಆಯಿಯ ಮಗಳನ್ನ ಕಂಪ್ಯೂಟರದ ಬಾಜೂಕ ಕೂಡಿಸಿಕೊಂಡಿದ್ದ. “ಇಷ್ಟು ಕೆಂಪು ಇರಲಿಲ್ಲೋ ನಮ್ಮವ್ವ,” ಅಂದಳು, ತಗ್ಗಿಸಿದ. “ಈಗ ಬಾಳ ಕಪ್ಪಾತು,” ಅಂದಳು, ಏರಿಸಿದ. ಅರ್ಧ ತಾಸಿನ ಮೇಲೆ ಆಕಿ ಸೆರಗು ಕಣ್ಣಿಗಿ ಹಚ್ಚಿಕೊಂಡಾಗ ಅವನು ನಿಲ್ಲಿಸಿದ. ನೋಡ್ರಿ, ಇದೂ ಕೈ ಹಚ್ಚಿದ್ದೇ. ಬರೇ ಕೈ ಅಲ್ಲ, ಅರ್ಧ ತಾಸು ಕೈ ಹಚ್ಚಿದ್ದು. ಆದರೆ ಹಚ್ಚಿ ಹಚ್ಚಿಯೇ ಆಯಿಯ ಖರೆ ಮುಖ ಬಂತು. ಯಾರೂ ಬೆರಳು ಹಚ್ಚೂ ಮೊದಲೇ ಮೊಬೈಲು ಕೊಟ್ಟ ಚಿತ್ರದಾಗ ಆಕಿ ಇರಲಿಲ್ಲ.

ಆದಕಾರಣ ನಾನು ಕೇಳೂದು ಬ್ಯಾರೆ ಮಾತು: ತೀರ್ಮಾನ ಮಾಡಿದವ ಆ ಹೊತ್ತು ಅಲ್ಲಿ ಇದ್ದನೋ ಇಲ್ಲೋ? ಚಿತ್ರದಾಗಿನ ಮನಷ್ಯಾಗ, ಇಲ್ಲಾ ಅವರ ಮನಿಯವರಿಗೆ ಅವ ಜವಾಬು ಕೊಡಬಲ್ಲನೋ? ಕ್ಯಾಮೆರಾದೊಳಗಿನ ಎಂಜಿನಿಯರ ಜವಾಬು ಕೊಡೂದಿಲ್ಲ. ನಮ್ಮ ಹುಡುಗ ಕೊಡಬೇಕಾಗತದ, ದಿನಾ ಅದೇ ಓಣ್ಯಾಗ ತಿರುಗಾಡಬೇಕಲ್ಲ.

ಗುರುಗಳ ಮಾತನ್ನ ನಾನು ತಗದ ಹಾಕೂದಿಲ್ಲ. ಬೆಳಿ ಹಾನಿಯ ಪಂಚನಾಮೆ ತಗೋರಿ. ಆಲಿಕಲ್ಲು ಬಿದ್ದ ದ್ರಾಕ್ಷಿ, ಮಳಿ ಇಲ್ಲದ ಜ್ವಾಳ, ಎಲ್ಲಾದರದೂ ಫೋಟೊ ತಲಾಠಿಯವರಿಗೆ ಬೇಕು. ಅಲ್ಲಿ ಆಮೇಲೆ ಬಣ್ಣ ತಿದ್ದಬಾರದು. ಹಳದಿ ಎಲಿ ಇನ್ನಷ್ಟು ಹಳದಿ ಮಾಡೂದು ಒಂದು ಬೆರಳಿನ ಕೆಲಸ, ಒಬ್ಬ ಮಾಡಿದ್ದು ಸಿಕ್ಕರೆ ಊರಿನವರೆಲ್ಲರ ಫೋಟೊದ ಮ್ಯಾಲಿನ ನಂಬಿಕಿ ಹೋಗತದ. ಆದರೆ ಇಲ್ಲೂ ಒಂದು ತಿರುವು ಐತಿ. ಕ್ಯಾನನ್‌ದ ಲ್ಯಾಂಡ್‌ಸ್ಕೇಪ್ ಸ್ಟೈಲು ಹಸಿರನ್ನೂ ನೀಲಿಯನ್ನೂ ಗಾಢ ಮಾಡತದ. ಅದನ್ನ ಹಾಗೇ ಬಿಟ್ಟು ಬಾಡಿದ ಜ್ವಾಳದ ಫೋಟೊ ತೆಗೆದರೆ ಬೆಳಿ ಇದ್ದದ್ದಕ್ಕಿಂತ ಹಸಿರಾಗಿ ಕಾಣತದ. ಯಾರೂ ಕೈ ಹಚ್ಚಿಲ್ಲ, ಆದರೂ ರೈತ ಲುಕ್ಸಾನ ಆದ. ಸಾಕ್ಷಿಗೆ ಅಂತ ತೆಗೆಯುವಾಗ ನ್ಯೂಟ್ರಲ್ ಇಲ್ಲಾ ಫೇತ್‌ಫುಲ್ ಅನ್ನುವ ಸಪ್ಪನ್ನ ಸೆಟ್ಟಿಂಗು ಮೊದಲೇ ಹಾಕಬೇಕು. ಸಾಕ್ಷಿ ಸಪ್ಪಗ ಇದ್ದರೇ ಚಲೋ.

ಹುಡುಗನ ಪಕ್ಷದಲ್ಲೂ ಒಂದು ಹುಳುಕು ಐತಿ. ರಾ ಇದೆ ಅಂತ ಧೈರ್ಯ ಬಂದ ಮೇಲೆ ನೋಡೂದೇ ಕಡಿಮಿ ಆಗತದ. “ಆಮೇಲೆ ಸರಿ ಮಾಡಿದ್ರಾತು ಕಾಕಾ” ಅಂತಾನ. ಒಂದು ಮದುವಿಗೆ ಎರಡು ಸಾವಿರ ಹೊಡೀತಾನ, ಅಕ್ಷತಿ ಬೀಳೂ ಹೊತ್ತಿಗೆ ಮದುಮಗಳ ಅಪ್ಪ ಕಣ್ಣು ಒರಸಿಕೊಂಡದ್ದು ಅವನ ಕಣ್ಣಿಗೆ ಬಿದ್ದಿರೂದಿಲ್ಲ. ಹಾಡೂ ಮಂದಿಗೆ ಇದು ತಿಳೀತದ. ಬಾಯಿ ತೆರೆಯೂ ಮೊದಲೇ ಸ್ವರ ಹಿಡೀಬೇಕು. ಪೇಟಿಯವ ಒಂದು ಪಟ್ಟಿ ಕೊಟ್ಟ ಮೇಲೆ ಆಮೇಲೆ ಸರಿ ಮಾಡತೀನಿ ಅಂತ ಎತ್ತಿದರೆ ಎರಡನೇ ನುಡಿಯೊಳಗ ಗಂಟಲು ಕೈ ಕೊಡತದ. ರಾ ಫೈಲಿಗೂ ತಿದ್ದಲಾಗದ್ದು ಬಹಳ ಐತಿ. ಫೋಕಸ್ ತಪ್ಪಿದ್ದು ತಪ್ಪಿದ್ದೇ. ಮಧ್ಯಾಹ್ನದ ಬಿಸಿಲಾಗ ಬಿಳೀ ಪಟಕ ಪೂರಾ ಸುಟ್ಟು ಬೆಳ್ಳಗಾತು ಅಂದ್ರ ಅದರ ಒಂದು ಎಳಿನೂ ತಿರುಗಿ ಬರೂದಿಲ್ಲ.

ಅಮೆರಿಕದ ದೊಡ್ಡ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಬಗ್ಗೆ ಗುರುಗಳು ಹೇಳಿದ್ದು ನನಗ ಬಹಳ ಹಿಡಿಸಿತು. ಅವರು ಹರೇದಾಗ ಪಿಯಾನೊ ಕಲಿತವರು. ನೆಗೆಟಿವ್ ಅಂದರೆ ಬರೆದಿಟ್ಟ ಸ್ವರ, ಪ್ರಿಂಟು ಅಂದರೆ ಅದನ್ನು ನುಡಿಸುವುದು ಅನ್ನುವ ಅರ್ಥದ ಮಾತು ಅವರದು. 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಊರಿನ ಮೇಲೆ ಚಂದ್ರ ಮೂಡಿದ್ದನ್ನ ತೆಗೆದರು. ಆ ಒಂದೇ ನೆಗೆಟಿವಿನಿಂದ ಮುಂದ ಹತ್ತಾರು ವರ್ಷ ಪ್ರಿಂಟು ಹಾಕಿದರು. ವರ್ಷ ಹೋದಂಗ ಆಕಾಶ ಕಪ್ಪಾಗುತ್ತ ಹೋಯಿತು. ನಾವೂ ಹರೇದಾಗ ಹಾಡಿದ ಪದವನ್ನೇ ಮುಪ್ಪಿನಲ್ಲಿ ಹಾಡ್ತೀವಿ, ಧಾಟಿ ಅದೇ, ಎಳೆಯುವ ಜಾಗ ಬ್ಯಾರೆ. ಪದ ಕೆಟ್ಟಿತು ಅಂತ ಯಾರೂ ಅನ್ನೂದಿಲ್ಲ. ಆದರೆ ಇದಕ್ಕೆ ಮೊದಲು ಪದ ಬಾಯಿಪಾಠ ಇರಬೇಕು. ಆಡಮ್ಸ್ ಗುಂಡಿ ಒತ್ತುವ ಮೊದಲೇ ಪ್ರಿಂಟು ಹ್ಯಾಂಗ ಬರಬೇಕು ಅಂತ ಮನಸಿನಲ್ಲೇ ಕಾಣುತ್ತಿದ್ದವರು. ಆಮೇಲೆ ನೋಡೋಣ ಅನ್ನುವ ಜಾತಿಯವರಲ್ಲ.

ಈಗಿನ ಬಹಳಷ್ಟು ಕ್ಯಾಮೆರಾಗಳಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಬರೆಸಬಹುದು. ಕಾರ್ಡು ಬೇಗ ತುಂಬತದ, ಖರ್ಚು ಬರತದ. ಮದುವಿಯವರು ಅದಕ್ಕೆ ಬ್ಯಾರೆ ರೊಕ್ಕ ಕೊಡೂದಿಲ್ಲ ಅಂತ ಹುಡುಗ ಗೊಣಗ್ತಾನ. ಬೀಜಕ್ಕ ಅಂತ ಒಂದು ಚೀಲ ತೆಗೆದಿಡೂದಕ್ಕ ಯಾರು ರೊಕ್ಕ ಕೊಡ್ತಾರ ಅಂತ ನಾನು ಕೇಳ್ತೀನಿ.

ಇನ್ನೊಂದು ಜಗಳ ಹರಿಯದೆ ಉಳಿದದ. ಹೋದ ಶ್ರಾವಣದ ಭಜನಿ ರಾತ್ರಿ ಲೈಟು ಹೋತು. ಎರಡು ಕಂದೀಲು, ದೇವರ ಮುಂದಿನ ದೀಪ, ಅಷ್ಟರಾಗ ಹಾಡಿದ್ವಿ. ಹುಡುಗ ಫೋಟೊ ತೆಗೆದ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ ಅಂತ ಲೆಕ್ಕ, ಎಣ್ಣಿ ದೀಪದ್ದು ಎರಡು ಸಾವಿರದ ಸುತ್ತಮುತ್ತ. ಜೆಪೆಗ್‌ದಲ್ಲಿ ಕ್ಯಾಮೆರಾ ತಾನಾಗೇ ಆ ಕೆಂಪನ್ನ ಸಾಕಷ್ಟು ತೆಗೆದು ನಮ್ಮ ಧೋತರ ಬೆಳ್ಳಗ ಮಾಡಿತ್ತು. ರಾ ಫೈಲಿನಲ್ಲಿ ಆ ಲೆಕ್ಕ ಬರೀ ಒಂದು ಚೀಟಿ ಇದ್ದಂಗ, ಯಾವಾಗ ಬೇಕಾದರೂ ಬದಲಿಸಬಹುದು. ಧೋತರ ಬಿಳೀನೇ ಇತ್ತಲ್ಲ, ಬಿಳಿ ಕಾಣಬೇಕು ಅಂತಾರ ಗುರುಗಳು. ಆ ರಾತ್ರಿ ಯಾರ ಕಣ್ಣಿಗೂ ಅದು ಬಿಳಿ ಕಂಡಿರಲಿಲ್ಲ, ಎಲ್ಲಾ ಜೇನಿನ ಬಣ್ಣ ಇತ್ತು ಅಂತಾನ ಹುಡುಗ. ಅವ ಎರಡೂ ಥರ ಪ್ರಿಂಟು ಹಾಕಿಸಿ ತಂದು ವಾಚನಾಲಯದ ಮೇಜಿನ ಮೇಲೆ ಇಟ್ಟಾನ. ಗೋಡಿಗಿ ಯಾವುದು ಹಾಕಬೇಕು ಅಂತ ಅವತ್ತು ಭಜನ್ಯಾಗ ಇದ್ದವರು ಬಂದು ನೋಡಿ ಹೇಳ್ರಿ. ಇಲ್ಲೀತನಕ ಏಳು ಮಂದಿ ಹೇಳ್ಯಾರ. ನಾಲ್ಕು ಜೇನಿಗೆ, ಮೂರು ಬಿಳಿಗೆ. ಡಪ್ಪಿನವ ಇನ್ನೂ ಬಂದಿಲ್ಲ.